ರೆಲಿಗೇಶನ್ ತಪ್ಪಿಸ್ಕೊಳ್ಳೋ ಸೀಸನ್ನಲ್ಲಿ ಬಸ್ ಪಾರ್ಕ್ ಮಾಡ್ಬೇಕಾ, ಆಟ ಆಡ್ಬೇಕಾ?

ಕುಕ್ಕರಹಳ್ಳಿ_ನರಿ, ಮೈಸೂರು

ನೇರ ವಿಷ್ಯಕ್ಕೇ ಬರ್ತೀನಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್ಬಾಲಲ್ಲಿ ಟೇಬಲ್ ತಳದಲ್ಲಿ ಮುಗಿಸಿದ್ರೆ ಕೆಳಗಿನ ಡಿವಿಜನ್ನಿಗೆ ಇಳಿಸ್ತಾರೆ, ಅದೇ ರೆಲಿಗೇಶನ್. ಆ ತಳದಲ್ಲಿ ಸಿಕ್ಕಾಕೊಂಡಿರೋ ಟೀಮು, ಈ ವರ್ಷ ಒಂದ್ ಉಳ್ಕೊಂಬಿಟ್ರೆ ಸಾಕಪ್ಪ ಅನ್ನೋ ಟೀಮು ಹೆಂಗೆ ಆಡ್ಬೇಕು? ಗೋಲ್ ಮುಂದೆ ಬಸ್ ಪಾರ್ಕ್ ಮಾಡ್ದಂಗೆ ಹಿಂದೆ ಹತ್ತು ಜನಾನ ನಿಲ್ಸಿ ಒಂದೊಂದೇ ಪಾಯಿಂಟ್ ಹೆಕ್ಕೊಂಡು ಬರ್ಬೇಕಾ, ಇಲ್ಲ ಹೆಂಗಿದ್ರೂ ಕಷ್ಟಾನೇ ಅಲ್ವಾ ಅಂತ ಧೈರ್ಯವಾಗಿ ಅಟ್ಯಾಕ್ ಮಾಡ್ಬೇಕಾ? ನಮ್ ಗ್ಯಾಂಗಲ್ಲಿ ಈ ವಿಷ್ಯಕ್ಕೆ ಜಗಳ ಆಗಿ ಇಬ್ರು ಮಾತೇ ಬಿಟ್ಟಿದಾರೆ, ಅಷ್ಟು ಸೀರಿಯಸ್ಸು.

ನಾನು ಲೆಸ್ಟರ್ ಫ್ಯಾನು, 2016ರಲ್ಲಿ ಟೈಟಲ್ ಗೆದ್ರಲ್ಲ ಆವಾಗಿಂದ. ಮೈಸೂರಲ್ಲಿ ಕೂತ್ಕೊಂಡು ಲೆಸ್ಟರ್ ಯಾಕೋ ಅಂತ ಎಲ್ರೂ ಕೇಳ್ತಾರೆ, 5000ಕ್ಕೆ 1 ಅಂತ ಬೆಟ್ಟಿಂಗ್ ರೇಟ್ ಇದ್ದ ಟೀಮು ಕಪ್ ಎತ್ತಿದ್ದನ್ನ ನೋಡಿದ್ಮೇಲೆ ಇನ್ನೊಂದ್ ಟೀಮ್ ಹಿಂದೆ ಹೋಗೋಕೆ ಮನಸ್ಸು ಬರ್ಲಿಲ್ಲ. ಆದ್ರೆ ನನ್ ತಲೇಲಿ ಕೂತಿರೋದು 2016 ಅಲ್ಲ, 2022-23ರ ಟೇಬಲ್ಲು. ಆ ವರ್ಷ ನಾವು 51 ಗೋಲ್ ಹೊಡೆದ್ವಿ. ಎವರ್ಟನ್ ಹೊಡೆದಿದ್ದು 34. ಅವ್ರು 36 ಪಾಯಿಂಟ್ ತಗೊಂಡು ಉಳ್ಕೊಂಡ್ರು, ನಾವು 34 ತಗೊಂಡು ಕೆಳಗೆ ಹೋದ್ವಿ. ಮ್ಯಾಡಿಸನ್, ಬಾರ್ನ್ಸ್, ಟೀಲೆಮಾನ್ಸ್ ಇದ್ದ ಟೀಮು ಕಣ್ರಪ್ಪ ಅದು! ನೋಡೋಕೆ ಚೆನ್ನಾಗಿತ್ತು, ಅದನ್ನ ಯಾರೂ ಇಲ್ಲ ಅನ್ನಲ್ಲ, ಆದ್ರೆ ಬಿಟ್ಕೊಟ್ಟ ಗೋಲು 68, ಅವ್ರದ್ದು 57, ವ್ಯತ್ಯಾಸ ಅಲ್ಲೇ ಇದೆ ಅಂತ ನನ್ ವಾದ. ಉಳ್ಕೋಬೇಕು ಅಂದ್ರೆ ಮೊದ್ಲು ಗೋಲ್ ತಿನ್ನೋದ್ ನಿಲ್ಸು.

ನನ್ ಫ್ರೆಂಡ್ ಏನಂತಾನೆ ಅಂದ್ರೆ, ಚಳಿಗಾಲದಲ್ಲಿ ರಾತ್ರಿ ಎಂಟೂವರೆಗೆ ಟಿವಿ ಮುಂದೆ ಕೂತು 0-0 ನೋಡೋದಾದ್ರೆ ಫುಟ್ಬಾಲ್ ಯಾಕ್ ನೋಡ್ಬೇಕು, ಕೆಳಗೆ ಹೋದ್ರೂ ಪರ್ವಾಗಿಲ್ಲ ಆಡಿ ಹೋಗ್ಲಿ, ಜನ ನೆನಪಿಟ್ಕೊಳ್ಳೋದು ಪಾಯಿಂಟ್ ಅಲ್ಲ ಆಟಾನ. ನಂಗೆ ಇದು ಒಪ್ಪೋಕೆ ಆಗ್ತಿಲ್ಲ ಆದ್ರೆ ಪೂರ್ತಿ ತಳ್ಳಾಕೋಕೂ ಆಗ್ತಿಲ್ಲ. ನೀವೆಲ್ಲ ಏನಂತೀರಾ?


ಮಂಡ್ಯ_ರೈಡರ್

ಇದ್ರಲ್ಲಿ ಯೋಚ್ನೆ ಮಾಡಕ್ಕೆ ಏನೈತೆ ಗುರು. ಡಿಫೆಂಡು. ಉಳ್ಕಂಡ್ರೆ ತಾನೆ ಮುಂದಿನ್ ವರ್ಸ ಆಟ ತೋರ್ಸಕ್ಕಾಗದು.

ನಿನ್ ಫ್ರೆಂಡು ಕೆಳಿಕ್ಕೋದ್ರೂ ಪರ್ವಾಗಿಲ್ಲ ಅಂತವ್ನಲ್ಲ, ಕೆಳಿಕ್ಕೋದ್ಮೇಲೆ ಏನಾಯ್ತದೆ ಅಂತ ನಿಮ್ ಲೆಸ್ಟರ್ನೇ ನೋಡ್ಲಿ. ಪ್ರೀಮಿಯರ್ ಲೀಗಲ್ಲಿ ಕಟ್ಟಕಡೆಗಿರೋ ಟೀಮ್ಗೂ ವರ್ಸಕ್ಕೆ 10 ಕೋಟಿ ಪೌಂಡ್ ಮೇಲೆ ದುಡ್ಡು ಬತ್ತದೆ, ಕೆಳಗ್ ಬಿದ್ರೆ ಅದು ಹೋಯ್ತು, ಪ್ಯಾರಾಚೂಟ್ ಪೇಮೆಂಟ್ ಅಂತ ಒಸಿ ಕೊಡ್ತರೆ ಅಷ್ಟೆ. ಮ್ಯಾಡಿಸನ್ ಟಾಟನ್‌ಹ್ಯಾಮ್‌ಗೆ ಹೋದ, ಬಾರ್ನ್ಸು ನ್ಯೂಕ್ಯಾಸಲ್‌ಗೆ ಹೋದ, ಟೀಲೆಮಾನ್ಸು ಒಂದ್ ರೂಪಾಯೂ ಬರ್ದಂಗೆ ಆಸ್ಟನ್ ವಿಲ್ಲಾಗೆ ಹೋದ. ಆ ಚೆನ್ನಾಗಿರೋ ಆಟ ಆಡ್ದೋರೇ ಇಲ್ಲ ಈಗ. ಕ್ಲಬ್ ಆಫೀಸಲ್ಲಿ ಕೆಲ್ಸ ಮಾಡೋರು, ಟಿಕೆಟ್ ಕೌಂಟರಲ್ಲಿ ಕೂರೋರು, ರೆಲಿಗೇಶನ್ ಆದ ತಿಂಗ್ಳು ಮೊದ್ಲು ಕೆಲ್ಸ ಹೋಗದು ಅವರ್ದು. ಅದ್ರ ಮುಂದೆ ನಂಗ್ ಟಿವೀಲಿ ಬೋರಾಯ್ತು ಅನ್ನದು ಯಾವ್ ಲೆಕ್ಕ?

ನಾನು ಕಬಡ್ಡಿ ಆಡ್ಕಂಡ್ ಬೆಳ್ದೋನು, ನಮ್ ಕಡೆ ಊರೂರಲ್ಲೂ ಟೂರ್ನಮೆಂಟು ನಡೀತದೆ. ಕೊನೆ ಎಲ್ಡ್ ನಿಮ್ಸ ಐತೆ, ನಾವ್ ನಾಕ್ ಪಾಯಿಂಟ್ ಮುಂದವ್ರೆ ಅಂದ್ರೆ ರೈಡರ್ ಏನ್ಮಾಡ್ತನೆ, ಒಳಿಕ್ಕೋಗಿ ಬಾಕ್ ಲೈನ್ ದಾಟಿ, ಟೈಮ್ ಕಳ್ದು, ಮೈ ಮುಟ್ಟಿಸ್ಕಳ್ದಂಗೆ ವಾಪಸ್ ಬತ್ತನೆ. ಊರ್ನೋರು ಯಾರೂ ಅವ್ನ ಹೇಡಿ ಅನ್ನಕಿಲ್ಲ, ಗೆದ್ಕಬಂದ ಅಂತ ಹೆಗಲ್ ಮೇಲೆ ಕೂರ್ಸ್ಕತರೆ. ಪುಟ್ಬಾಲಲ್ಲಿ ಮಾತ್ರ ಅದೇ ಕೆಲ್ಸ ಮಾಡ್ದೋರ್ನ ಯಾಕ್ ಬಯ್ಯದು?

ಆಟ ಚೆನ್ನಾಗಾಡಿ ಹಾಳಾದೋರ್ ಲಿಸ್ಟು ಬೇಕಾ? ಲೂಟನ್ 2023-24, 52 ಗೋಲ್ ಹೊಡುದ್ರು, 85 ತಿಂದ್ರು, 26 ಪಾಯಿಂಟು, ಮನೀಗೋದ್ರು. ಅದೇ ವರ್ಸ ಎವರ್ಟನ್‌ಗೆ ದುಡ್ಡಿನ್ ರೂಲ್ಸ್ ಮುರ್ದ್ರಿ ಅಂತ 8 ಪಾಯಿಂಟ್ ಕಟ್ ಮಾಡುದ್ರು, ಅವ್ರು ಹೊಡ್ದಿದ್ದು ಬರೀ 40 ಗೋಲು, ಲೂಟನ್‌ಗಿಂತ 12 ಕಮ್ಮಿ. ಆದ್ರೆ ತಿಂದಿದ್ದು 51. ಎಂಟ್ ಪಾಯಿಂಟ್ ಕಿತ್ಕಂಡ್ರೂ 15ನೇ ಜಾಗ. ಇನ್ನೇನ್ ಹೇಳ್ಬೇಕು ನಾನು.


ಬನ್ನಿಮಂಟಪ_ಟೆನ್

ರೈಡರ್ ಅಣ್ಣ, ಕಬಡ್ಡಿ ವಿಷ್ಯ ನೀವೇ ಎತ್ತಿದ್ದು ಒಳ್ಳೇದಾಯ್ತು. ಮುಂದಿರೋ ಟೀಮು ಹಿಂಗೇ ಖಾಲಿ ರೈಡ್ ಮಾಡ್ಕೊಂಡು ಟೈಮ್ ತಿಂದ್ರೆ ನೋಡೋರು ಎದ್ದು ಹೋಗ್ತಾರೆ ಅಂತಾನೇ ಅಲ್ವಾ ಡೂ ಆರ್ ಡೈ ರೈಡ್ ತಂದಿದ್ದು? ಎರಡ್ ರೈಡ್ ಖಾಲಿ ಹೋದ್ರೆ ಮೂರನೇದ್ರಲ್ಲಿ ಪಾಯಿಂಟ್ ತರ್ಲೇಬೇಕು ಇಲ್ಲಾಂದ್ರೆ ಔಟು. ಫುಟ್ಬಾಲೂ ಅದನ್ನೇ ಮಾಡಿದೆ. ಗೆದ್ರೆ 2 ಪಾಯಿಂಟ್ ಇತ್ತು, ಇಂಗ್ಲೆಂಡಲ್ಲಿ 1981ರಲ್ಲಿ 3 ಮಾಡಿದ್ರು, ವರ್ಲ್ಡ್ ಕಪ್ಪಲ್ಲಿ 1994ರಿಂದ. ಗೋಲ್‌ಕೀಪರ್‌ಗೆ ಬ್ಯಾಕ್ ಪಾಸ್ ಕೊಟ್ಟು ಅವ್ನು ಕೈಲಿ ಎತ್ಕೊಂಡು ಟೈಮ್ ಕಳೆಯೋದನ್ನ 1992ರಲ್ಲಿ ನಿಲ್ಸಿದ್ರು. ಈಗ ಇಂಜುರಿ ಟೈಮೂ ಲೆಕ್ಕ ಹಾಕಿ ಜಾಸ್ತಿ ಕೊಡ್ತಾರೆ, ಎಷ್ಟ್ ಹೊತ್ತು ನೆಲದ್ ಮೇಲೆ ಬಿದ್ಕೊಂಡ್ರೂ ಆ ನಿಮಿಷ ವಾಪಸ್ ಆಡ್ಲೇಬೇಕು. ಆಟ ನಡೆಸೋರೇ ಇದು ಬೇಡ ಅಂತಿರೋವಾಗ ನಾವ್ ಯಾಕೆ ಅದನ್ನ ಹೊಗಳ್ಬೇಕು?

ಲೆಕ್ಕಾನೂ ಹಾಕ್ನೋಡಿ. ಮೂರು ಮ್ಯಾಚ್ ಡ್ರಾ ಮಾಡಿದ್ರೆ 3 ಪಾಯಿಂಟು, ಎರಡ್ ಸೋತು ಒಂದ್ ಗೆದ್ರೂ 3 ಪಾಯಿಂಟು. ಅಂದ್ರೆ ಮೂರು ಮ್ಯಾಚಲ್ಲಿ ಒಂದ್ ಗೆಲ್ಲೋ ಧೈರ್ಯ ಇರೋ ಟೀಮು ಎಲ್ಲಾನೂ 0-0 ಮಾಡೋ ಟೀಮಿಗೆ ಸಮ ಆಯ್ತು, ಎಲ್ಲಾ ಮ್ಯಾಚೂ 0-0 ಮಾಡೋಕೆ ತಳದಲ್ಲಿರೋ ಟೀಮಿಗೆ ಸಾಧ್ಯಾನೇ ಇಲ್ಲ, ಎಲ್ಲೋ ಒಂದ್ ಕಡೆ 85ನೇ ನಿಮಿಷದಲ್ಲಿ ಕಾರ್ನರಲ್ಲಿ ಗೋಲ್ ತಿಂದು 0-1 ಸೋಲ್ತಾರೆ, ಆಗ ಆಟಾನೂ ಇಲ್ಲ ಪಾಯಿಂಟೂ ಇಲ್ಲ.

ಬ್ಲ್ಯಾಕ್‌ಪೂಲ್ 2010-11 ನೋಡಿ. ಇಯಾನ್ ಹಾಲೋವೇ ಕೋಚು. ದುಡ್ಡಿಲ್ಲ ಕಾಸಿಲ್ಲ, ಪುಟ್ಟ ಸ್ಟೇಡಿಯಮ್ಮು, ಆದ್ರೂ 55 ಗೋಲ್ ಹೊಡೆದ್ರು, ಲಿವರ್‌ಪೂಲ್‌ನ ಅವ್ರ ಮನೇಲೂ ಸೋಲ್ಸಿ ತಮ್ ಮನೇಲೂ ಸೋಲ್ಸಿದ್ರು. ಕೊನೇ ದಿನ ಓಲ್ಡ್ ಟ್ರಾಫರ್ಡಲ್ಲಿ ಚಾಂಪಿಯನ್ ಆಗಿರೋ ಯುನೈಟೆಡ್ ಮುಂದೆ 2-1 ಲೀಡಲ್ಲಿದ್ರು! ಆಮೇಲೆ 4-2 ಸೋತು 39 ಪಾಯಿಂಟಿಗೆ ಕೆಳಗೆ ಹೋದ್ರು. 78 ಗೋಲ್ ತಿಂದ್ರಲ್ಲ ಅಂತೀರಾ, ಸರಿ. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ಸಿಟಿ ನಿಮ್ ದಾರೀಲೇ ಹೋದ್ರು, ಹಿಂದೆ ಬಿಗಿ ಮಾಡ್ಕೊಂಡು ಇಡೀ ಸೀಸನ್ನಲ್ಲಿ 37 ಗೋಲ್ ಹೊಡೆದ್ರು. ಅವ್ರಿಗೆ ಎಷ್ಟ್ ಪಾಯಿಂಟ್ ಗೊತ್ತಾ? ಅದೇ 39. ಅವ್ರೂ ಕೆಳಗೆ! ಇಬ್ರೂ ಒಂದೇ ಕಡೆ ಹೋದ್ರು, ಬ್ಲ್ಯಾಕ್‌ಪೂಲ್ ಫ್ಯಾನ್ಸಿಗೆ ಆ ವರ್ಷದ್ದು ಹೇಳ್ಕೊಳ್ಳೋಕೆ ಮ್ಯಾಚ್ ಮೇಲೆ ಮ್ಯಾಚ್ ಇದೆ. ಬರ್ಮಿಂಗ್‌ಹ್ಯಾಮ್‌ಗೂ ಹೇಳ್ಕೊಳ್ಳೋಕಿರೋದು ಲೀಗ್ ಕಪ್ ಫೈನಲಲ್ಲಿ ಆರ್ಸೆನಲ್ ಸೋಲ್ಸಿದ್ದು, ಲೀಗಲ್ಲಿ ಹಿಂದೆ ಕೂತ್ಕೊಂಡು ತಂದ ಡ್ರಾಗಳಲ್ಲ.

ಬ್ರೈಟನ್‌ದೂ ಹೇಳ್ಬಿಡ್ತೀನಿ. ಕೋಚ್ ಕ್ರಿಸ್ ಹ್ಯೂಟನ್ ಎರಡ್ ವರ್ಷ ಉಳಿಸ್ಕೊಟ್ರು, 2018-19ರಲ್ಲಿ 35 ಗೋಲು, 36 ಪಾಯಿಂಟು, 17ನೇ ಜಾಗ. ಸೀಸನ್ ಮುಗಿದ ಮಾರನೇ ದಿನಾನೇ ಕ್ಲಬ್ ಅವ್ರನ್ನ ತೆಗೆದು, ಆಮೇಲೆ ಗ್ರಹಾಂ ಪಾಟರ್‌ನ ಕರ್ಕೊಂಡ್ ಬಂತು. ತುಂಬಾ ಜನ ಇದು ಅನ್ಯಾಯ ಅಂದ್ರು. ಆದ್ರೆ 2022-23ಕ್ಕೆ ಅದೇ ಬ್ರೈಟನ್ 6ನೇ ಜಾಗದಲ್ಲಿ ಯುರೋಪಿನ ಟೂರ್ನಿಗೆ ಹೋಯ್ತು. ಬರೀ ಉಳ್ಕೊಳ್ಳೋಕೇ ಆಡ್ತಾ ಇದ್ರೆ ಪ್ರತೀ ವರ್ಷ ಉಳ್ಕೊಳ್ಳೋಕೇ ಆಡ್ತಾ ಇರ್ಬೇಕಾಗುತ್ತೆ.


ಮಂಡ್ಯ_ರೈಡರ್

ಟೆನ್, ಡೂ ಆರ್ ಡೈ ಬಂದ್ರೂ ಮೊದ್ಲಿನ್ ಎಲ್ಡ್ ರೈಡು ಈಗ್ಲೂ ಖಾಲಿನೇ ಬಿಡ್ತರೆ ಕಣಪ್ಪ, ಹೋಗಿ ನೋಡು. ರೂಲ್ಸ್ ಬದ್ಲಾದ್ರೆ ಲೆಕ್ಕಾಚಾರ ಬದ್ಲಾಯ್ತದೆ, ಲೆಕ್ಕಾಚಾರ ಮಾಡದೇ ತಪ್ಪು ಅಂತ ಆಗಕಿಲ್ಲ.

ಸೌತಾಂಪ್ಟನ್ ಬಗ್ಗೆ ಮಾತಾಡೇ ಇಲ್ಲ ನೀನು. 2024-25. ರಸೆಲ್ ಮಾರ್ಟಿನ್ ಅಂತ ಕೋಚು, ಗೋಲ್‌ಕೀಪರ್‌ಇಂದ ಶುರು ಮಾಡಿ ಸಣ್ ಸಣ್ ಪಾಸಲ್ಲೇ ಮುಂದಿಕ್ಕೋಗ್ಬೇಕು ಅಂತ ಹಠ. 16 ಮ್ಯಾಚ್ಗೆ 5 ಪಾಯಿಂಟು. ಟಾಟನ್‌ಹ್ಯಾಮ್ 5-0 ಹೊಡ್ದ್ ರಾತ್ರೀನೇ ಮನೀಗ್ ಕಳ್ಸುದ್ರು. ಸೀಸನ್ ಕೊನೀಗೆ 12 ಪಾಯಿಂಟು, ಇನ್ನೂ 7 ಮ್ಯಾಚ್ ಇರಂಗೇ ರೆಲಿಗೇಶನ್ ಆಗೋಯ್ತು, ಪ್ರೀಮಿಯರ್ ಲೀಗಲ್ಲಿ ಅಷ್ಟ್ ಬೇಗ ಯಾರೂ ಬಿದ್ದಿರ್ಲಿಲ್ಲ. ಕೊಂಪನಿ ಕೋಚಾಗಿದ್ದ ಬರ್ನ್ಲಿ ಕತೇನೂ ಅದೇಯ, ಕೆಳಗಿನ ಡಿವಿಜನ್ನಲ್ಲಿ 101 ಪಾಯಿಂಟ್ ತಗಂಡು ಮೇಲಿಕ್ಕ್ ಬಂದ್ರು, ಅದೇ ಆಟ ಮೇಲೂ ಆಡಕ್ಕೋದ್ರು, 24 ಪಾಯಿಂಟ್ಗೆ ವಾಪಸ್. ಕೋಚ್ಗೇನ್ ಹೋಯ್ತು, ಅವ್ರು ಬಯರ್ನ್ ಮ್ಯೂನಿಕ್‌ಗೆ ಹೋದ್ರು. ಬರ್ನ್ಲಿ ಊರ್ ಜನ ಎಲ್ಲಿಗೋಗ್ಬೇಕು?


ಒಂಟಿಕೊಪ್ಪಲ್_ಗ್ಲೌಸ್

ನಾನು ಕಾಲೇಜಲ್ಲಿದ್ದಾಗಿಂದ ಗೋಲ್‌ಕೀಪರ್ ಆಗಿ ಆಡಿದೀನಿ, ಈಗ ಭಾನುವಾರ ಬೆಳಿಗ್ಗೆ ನಮ್ ಏರಿಯಾ ಹುಡುಗ್ರಿಗೆ ಹೇಳ್ಕೊಡ್ತೀನಿ. ಹಿಂದಿಂದ ಇಡೀ ಗ್ರೌಂಡ್ ಕಾಣೋ ಜಾಗದಲ್ಲಿ ನಿಂತಿರೋನಾಗಿ ಎರಡ್ ಮಾತು ಹೇಳ್ಬೇಕು, ಸ್ವಲ್ಪ ಉದ್ದ ಆಗುತ್ತೆ.

ಮೊದ್ಲು ನರಿಗೆ. ನಿಮ್ ಲೆಸ್ಟರ್ 2022-23ರಲ್ಲಿ ಕೆಳಗೆ ಹೋಗಿದ್ದು 51 ಗೋಲ್ ಹೊಡೆದಿದ್ದಕ್ಕಲ್ಲ ಮಾರಾಯ. ಆ ಸೀಸನ್ ಶುರುವಲ್ಲೇ ಶ್ಮೈಕಲ್ ನೀಸ್‌ಗೆ ಹೋದ್ರು, ಹನ್ನೊಂದು ವರ್ಷ ಗೋಲ್ ಕಾದಿದ್ದ ಕೀಪರ್, ಕ್ಯಾಪ್ಟನ್ನು. ಅದೇ ತಿಂಗ್ಳು ಫೊಫಾನಾನ ಚೆಲ್ಸಿಗೆ ಮಾರಿದ್ರು. ಕೀಪರ್ ಮತ್ತೆ ಅವ್ನ ಮುಂದೆ ನಿಲ್ಲೋ ಸೆಂಟರ್‌ಬ್ಯಾಕ್ ಇಬ್ರೂ ಒಟ್ಟಿಗೆ ಹೋದ್ರೆ ಯಾವ್ ಟ್ಯಾಕ್ಟಿಕ್ಸ್ ಇಟ್ರೂ ಗೋಲ್ ಬೀಳುತ್ತೆ, ಕಾರ್ನರ್ ಬಂದಾಗ ಯಾರ್ ಕೂಗ್ಬೇಕು, ಯಾರ್ ಮುಂದೆ ನುಗ್ಗಬೇಕು, ಯಾರ್ ಪೋಸ್ಟ್ ಹತ್ರ ಉಳೀಬೇಕು ಅನ್ನೋದು ವರ್ಷಗಟ್ಲೆ ಜೊತೇಲಿ ಆಡಿದ್ರೆ ಬರೋ ವಿಷ್ಯ, ದುಡ್ಡು ಕೊಟ್ಟು ಆಗಸ್ಟ್ ಕೊನೇ ವಾರದಲ್ಲಿ ತರೋಕಾಗಲ್ಲ. ಅಟ್ಯಾಕ್ ಕಮ್ಮಿ ಮಾಡಿದ್ರೆ ಡಿಫೆನ್ಸ್ ತಾನಾಗೇ ಗಟ್ಟಿ ಆಗುತ್ತೆ ಅಂತ ನೀವೆಲ್ಲ ಮಾತಾಡ್ತಿದೀರ. ಆಗಲ್ಲ. ಡಿಫೆಂಡ್ ಮಾಡೋದೂ ಕಲೀಬೇಕಾದ ಆಟಾನೇ.

ಹಿಂದೆ ಕೂರೋದು ಅಂದ್ರೆ ಏನು ಅಂತಾನೂ ಹೇಳ್ಬಿಡ್ತೀನಿ ಯಾಕಂದ್ರೆ ಟಿವೀಲಿ ನೋಡಿದ್ರೆ ಸುಮ್ನೆ ನಿಂತಂಗೆ ಕಾಣುತ್ತೆ. ನಾಕು ಜನದ್ದು ಒಂದ್ ಸಾಲು, ಅದ್ರ ಮುಂದೆ ಇನ್ನೊಂದ್ ಸಾಲು, ಮಧ್ಯೆ ಜಾಗ ಎಷ್ಟು ಕಮ್ಮಿ ಅಂದ್ರೆ ಎದುರಾಳಿ ಅಲ್ಲಿ ನಿಂತು ತಿರುಗೋಕೆ ಆಗ್ಬಾರ್ದು. ಬಾಲ್ ಎಡಕ್ಕೆ ಹೋದ್ರೆ ಎಂಟೂ ಜನ ಎಡಕ್ಕೆ, ಬಲಕ್ಕೆ ಹೋದ್ರೆ ಬಲಕ್ಕೆ. ನಡುವಲ್ಲಿ ಬಿಡ್ಬಾರ್ದು, ಸೈಡಿಗೆ ತಳ್ಬೇಕು, ಅಲ್ಲಿಂದ ಕ್ರಾಸ್ ಬಂದ್ರೆ ಸೆಂಟರ್‌ಬ್ಯಾಕು ತಲೇಲಿ ಹೊಡೆದು ಆಚೆ ಹಾಕ್ತಾನೆ. ಇಲ್ಲೀವರೆಗೂ ಸರಿ. ತೊಂದ್ರೆ ಶುರುವಾಗೋದು ಆ ಹೊಡೆದ ಬಾಲ್ ಎಲ್ಲಿ ಬೀಳುತ್ತೆ ಅನ್ನೋದ್ರಲ್ಲಿ. ಮುಂದೆ ಅದನ್ನ ಹಿಡ್ಕೊಂಡು ನಿಲ್ಲೋ ಗಟ್ಟಿ ಸ್ಟ್ರೈಕರ್ ಇಲ್ಲ ಅಂದ್ರೆ ಹತ್ತು ಸೆಕೆಂಡಲ್ಲಿ ವಾಪಸ್ ಬರುತ್ತೆ, ಮತ್ತೆ ಹೊಡಿ, ಮತ್ತೆ ಬರುತ್ತೆ. 70ನೇ ನಿಮಿಷಕ್ಕೆ ಕಾಲು ಸೋತು ಸಾಲಿನ ಮಧ್ಯೆ ಜಾಗ ದೊಡ್ಡದಾಗುತ್ತೆ. ಬನ್ನಿಮಂಟಪದ ಹುಡುಗ ಹೇಳ್ದ ಆ 85ನೇ ನಿಮಿಷದ ಗೋಲು ಬರೋದು ಹಿಂಗೆ. ಅದು ದುರದೃಷ್ಟ ಅಲ್ಲ.

ನಾಟಿಂಗ್‌ಹ್ಯಾಮ್ ಫಾರೆಸ್ಟ್ 2024-25ರಲ್ಲಿ ಇದನ್ನೇ ಸರಿಯಾಗಿ ಮಾಡಿದ್ರು. ಹಿಂದಿನ್ ವರ್ಷ 17ನೇ ಜಾಗದಲ್ಲಿ ಉಳ್ಕೊಂಡ ಟೀಮು. ಕೋಚ್ ನುನೊ ಬಾಲ್‌ನ ಎದುರಾಳಿಗೇ ಬಿಟ್ಕೊಟ್ರು, ಹಿಂದೆ ಎರಡು ಗಟ್ಟಿ ಸೆಂಟರ್‌ಬ್ಯಾಕು, ಮುಂದೆ ಕ್ರಿಸ್ ವುಡ್, ಸೈಡಲ್ಲಿ ಓಡೋ ಹುಡುಗ್ರು. ವುಡ್ ಒಬ್ರೇ ಲೀಗಲ್ಲಿ 20 ಗೋಲು, ಟೀಮು 7ನೇ ಜಾಗ, ಯುರೋಪು. ಈಗ ಹೇಳಿ ಅದು ಡಿಫೆನ್ಸಾ ಅಟ್ಯಾಕಾ?

ರೈಡರ್ ಹೇಳಿದ ಸೌತಾಂಪ್ಟನ್ ವಿಷ್ಯದಲ್ಲಿ ಇನ್ನರ್ಧ ಕತೆ ಬಿಟ್ಟೋಯ್ತು. ಮಾರ್ಟಿನ್ ಹೋದ್ಮೇಲೆ ಯೂರಿಚ್ ಬಂದು ಆಟ ಬದ್ಲಾಯ್ಸಿದ್ರು, ಆದ್ರೂ ಏನೂ ಉದ್ಧಾರ ಆಗ್ಲಿಲ್ಲ. ಒಂದ್ ರೀತಿ ಆಡೋಕೆ ಅಂತ ತಂದಿರೋ ಹುಡುಗ್ರನ್ನ ಡಿಸೆಂಬರಲ್ಲಿ ಇನ್ನೊಂದ್ ರೀತಿ ಆಡಿ ಅಂದ್ರೆ ಎಲ್ಲಿಂದ ಬರುತ್ತೆ? ನನ್ ಅಭಿಪ್ರಾಯ ಕೇಳಿದ್ರೆ ಬಸ್ ಪಾರ್ಕಾ ಪಾಸಿಂಗಾ ಅನ್ನೋ ಪ್ರಶ್ನೆ ಜುಲೈಯಲ್ಲಿ ಆಟಗಾರರನ್ನ ಕೊಳ್ಳೋವಾಗ ಕೇಳ್ಬೇಕಾದ್ದು, ಏಪ್ರಿಲಲ್ಲಿ ಕೇಳಿ ಪ್ರಯೋಜನ ಇಲ್ಲ. ಉಳ್ಕೊಂಡೋರನ್ನೆಲ್ಲ ನೋಡಿ, ತಮ್ ಹತ್ರ ಏನಿದೆಯೋ ಅದನ್ನ ಕೊನೇವರೆಗೂ ನಂಬಿ ಆಡ್ದೋರು.


ಸರಸ್ವತಿಪುರಂ_ಟಾಫಿ

ಎವರ್ಟನ್ ಹೆಸ್ರು ಇಷ್ಟ್ ಸಲ ಬಂದ್ಮೇಲೆ ನಾನು ಸುಮ್ನಿರೋಕಾಗಲ್ಲ. ಗ್ಲೌಸ್ ಸರ್ ಹೇಳಿದ್ದು ನೂರಕ್ಕೆ ನೂರು.

34 ಗೋಲ್ ಹೊಡೆದ ಬೋರಿಂಗ್ ಟೀಮು ಅಂತ ಎಲ್ರೂ ಹೇಳ್ತೀರಲ್ಲ, 2023 ಮೇ 8ರ ಮ್ಯಾಚ್ ನೋಡಿದೀರಾ ಯಾರಾದ್ರೂ? ಬ್ರೈಟನ್ ಮನೇಲಿ. ಟೆನ್ ಅವ್ರು ಹೊಗಳಿದ್ರಲ್ಲ ಅದೇ 6ನೇ ಜಾಗಕ್ಕೆ ಬಂದ ಬ್ರೈಟನ್ನು. ಬಾಲ್ ಮುಕ್ಕಾಲು ಪಾಲು ಅವ್ರ ಹತ್ರಾನೇ ಇತ್ತು. ಸ್ಕೋರ್ ಎಷ್ಟು? ಎವರ್ಟನ್ 5, ಬ್ರೈಟನ್ 1. ಡೂಕೂರೆ ಎರಡು, ಮೆಕ್‌ನೀಲ್ ಎರಡು. ಶಾನ್ ಡೈಚ್ ಕೋಚು, ಎಲ್ರೂ ಹಳೇ ಕಾಲದವ್ರು ಲಾಂಗ್ ಬಾಲ್ ಮನುಷ್ಯ ಅಂತ ಬಯ್ಯೋ ಡೈಚು. ಆ ರಾತ್ರಿ ನಾನು ಮನೆಯವ್ರೆಲ್ಲ ಎದ್ದು ಬರೋ ಹಂಗೆ ಕಿರುಚಿದೀನಿ. ಅಷ್ಟು ಚೆಂದದ ಕೌಂಟರ್ ಅಟ್ಯಾಕು ಆ ಸೀಸನ್ನಲ್ಲಿ ನಾನು ಇನ್ನೆಲ್ಲೂ ನೋಡ್ಲಿಲ್ಲ.

ಕೊನೇ ದಿನ ಬೋರ್ನ್‌ಮತ್ ಮೇಲೆ 1-0. 57ನೇ ನಿಮಿಷದಲ್ಲಿ ಡೂಕೂರೆ ದೂರದಿಂದ ಹೊಡೆದ ಗೋಲು. ಆಮೇಲೆ ಉಳಿದ ಅರ್ಧ ಗಂಟೆ ಪ್ಲಸ್ ಮುಗೀದೇ ಇರೋ ಇಂಜುರಿ ಟೈಮು, ಆ ಕಡೆ ಲೆಸ್ಟರ್ ಗೆಲ್ತಿದೆ ಅಂತ ಫೋನಲ್ಲಿ ಬರ್ತಿದೆ, ಒಂದ್ ಗೋಲ್ ಬಿದ್ರೆ 1954ರಿಂದ ಮೇಲಿರೋ ಕ್ಲಬ್ಬು ಕೆಳಗೆ. ಪ್ರತಿ ಕ್ಲಿಯರೆನ್ಸಿಗೂ ಗುಡಿಸನ್ ಪಾರ್ಕ್ ಗೋಲ್ ಹೊಡೆದಂಗೆ ಕೂಗ್ತಿತ್ತು. ಎಂಟರ್ಟೇನ್ಮೆಂಟ್ ಅಂದ್ರೆ ಡ್ರಿಬ್ಲಿಂಗು ಮಾತ್ರ ಅಂತ ಯಾರ್ ಹೇಳಿದ್ದು? ನಮ್ ಇಂಡಿಯಾ ಟೀಮ್ 2019 ಸೆಪ್ಟೆಂಬರಲ್ಲಿ ದೋಹಾದಲ್ಲಿ ಏಷ್ಯನ್ ಚಾಂಪಿಯನ್ ಖತಾರ್ ಜೊತೆ 0-0 ಮಾಡ್ಕೊಂಡ್ ಬಂತಲ್ಲ, ಛೆಟ್ರಿ ಹುಷಾರಿಲ್ದೆ ಆಡಿರ್ಲಿಲ್ಲ, ಕೀಪರ್ ಗುರುಪ್ರೀತ್ ಒಬ್ರೇ ಗೋಡೆ ಥರ ನಿಂತು ಒಂದಾದ್ಮೇಲೊಂದು ಶಾಟ್ ತಡೆದ್ರು. ಗೋಲೇ ಇಲ್ಲದ ಆ ಮ್ಯಾಚ್ ಬೋರ್ ಅಂತ ಇಂಡಿಯಾದಲ್ಲಿ ಒಬ್ರಾದ್ರೂ ಅಂದ್ರಾ? ನಮ್ ಟೀಮ್ ಮೈಮರೆತು ಹೋರಾಡ್ತಿದ್ರೆ ಬೋರಾಗಲ್ಲ, ಹೋರಾಡ್ದೆ ಸುಮ್ನೆ ಹಿಂದೆ ಬಾಲ್ ತಳ್ಕೊಂಡು ಕೂತ್ರೆ 70 ಪರ್ಸೆಂಟ್ ಪೊಸೆಶನ್ ಇದ್ರೂ ಬೋರಾಗುತ್ತೆ.

ನರಿ, ನೀವು ಬೇಜಾರಾಗ್ಬೇಡಿ, ಆದ್ರೆ ನೀವು ಪ್ರೀತಿಸೋಕೆ ಶುರು ಮಾಡಿದ 2015-16ರ ಲೆಸ್ಟರ್ ಇದೇ ಆಟ ಆಡ್ದ ಟೀಮು. ಬಾಲ್ ಅರ್ಧದಷ್ಟೂ ಇಟ್ಕೊಳ್ತಿರ್ಲಿಲ್ಲ. ಶುರುವಲ್ಲಿ ಗೋಲ್ ತಿಂತಾ ಇದ್ರು, ಕ್ಲೀನ್ ಶೀಟ್ ಮಾಡಿದ್ರೆ, ಅಂದ್ರೆ ಒಂದೂ ಗೋಲ್ ತಿನ್ನದೆ ಮ್ಯಾಚ್ ಮುಗಿಸಿದ್ರೆ, ಪಿಜ್ಜಾ ಕೊಡಿಸ್ತೀನಿ ಅಂತ ಕೋಚ್ ರಾನಿಯೇರಿ ಹುರಿದುಂಬಿಸಿದ್ರು. ಕೊನೇ ಹಂತದಲ್ಲಿ ಸಾಲಾಗಿ ನಾಕು ಮ್ಯಾಚ್ 1-0. ಹುತ್, ಮಾರ್ಗನ್ ಇಬ್ರು ಹಿಂದೆ ಬಂಡೆ ಥರ, ಕಾಂಟೆ ಬಾಲ್ ಕಿತ್ಕೊಳ್ಳೋದು, ಮಾಹ್ರೆಜ್ ಒಂದ್ ಪಾಸು, ವಾರ್ಡಿ ಓಟ. ಅದನ್ನ ಯಾರಾದ್ರೂ ಆಂಟಿ ಫುಟ್ಬಾಲ್ ಅಂದ್ರೆ ನಿಮಗೆ ಕೋಪ ಬರಲ್ವಾ?


ಬನ್ನಿಮಂಟಪ_ಟೆನ್

ಟಾಫಿ ಅಕ್ಕ, ಬ್ರೈಟನ್ ಮ್ಯಾಚ್ ಒಪ್ಕೋತೀನಿ, ಅದು ಅದ್ಭುತ. ಆದ್ರೆ ಗಮನಿಸಿ, ಅಲ್ಲಿ ಎವರ್ಟನ್ 0-0 ಸಾಕು ಅಂತ ಹೋಗಿರ್ಲಿಲ್ಲ, ಬಾಲ್ ಸಿಕ್ಕಾಗೆಲ್ಲ ನಾಕೈದು ಜನ ಮುಂದೆ ಓಡ್ತಿದ್ರು. ನಾನು ವಿರೋಧ ಮಾಡ್ತಿರೋದು ಕೌಂಟರ್ ಅಟ್ಯಾಕ್‌ನಲ್ಲ, ಗೆಲ್ಲೋ ಆಸೇನೇ ಬಿಟ್ಟು ಆಡೋದನ್ನ.

ಅದಕ್ಕೇ ನರಿಗೆ ಒಂದ್ ಮ್ಯಾಚ್ ನೆನಪಿಸ್ಬೇಕು, ನೋವಾಗುತ್ತೆ ಅಂತ ಗೊತ್ತು. 2023 ಮೇ 22, ನ್ಯೂಕ್ಯಾಸಲ್ ಮನೇಲಿ. ಉಳಿದಿರೋದು ಎರಡೇ ಮ್ಯಾಚು. ಲೆಸ್ಟರ್ ಕೋಚ್ ಡೀನ್ ಸ್ಮಿತ್ ಏನ್ ಮಾಡಿದ್ರು, ಮ್ಯಾಡಿಸನ್ ಬೆಂಚು, ಬಾರ್ನ್ಸ್ ಬೆಂಚು, ಇಡೀ ಟೀಮು ಹಿಂದೆ. ಇಡೀ ಮ್ಯಾಚಲ್ಲಿ ಲೆಸ್ಟರ್ ಹೊಡೆದಿದ್ದು ಒಂದೇ ಶಾಟು, ಅದೂ ಇಂಜುರಿ ಟೈಮಲ್ಲಿ ಕಸ್ಟಾನ್ಯಾದು, ನ್ಯೂಕ್ಯಾಸಲ್ ಕೀಪರ್ ಪೋಪ್ ತಡೆದ. 0-0. ಎಲ್ರೂ ಬೆಲೆಬಾಳೋ ಪಾಯಿಂಟ್ ಅಂದ್ರು.

ಈಗ ಕೂತು ಲೆಕ್ಕ ಹಾಕೋಣ. ಆ ಮ್ಯಾಚಿಗೆ ಮುಂಚೆ ಲೆಸ್ಟರ್ 30, ಲೀಡ್ಸ್ 31, ಎವರ್ಟನ್ 33. ಪಾಯಿಂಟ್ ಸಮ ಆದ್ರೆ ನೋಡೋದು ಗೋಲ್ ಡಿಫರೆನ್ಸ್, ಹೊಡೆದ ಗೋಲಲ್ಲಿ ತಿಂದಿದ್ದು ಕಳೆದ್ರೆ ಬರೋದು, ಅದ್ರಲ್ಲಿ ಲೆಸ್ಟರ್ ಎವರ್ಟನ್‌ಗಿಂತ ಚೆನ್ನಾಗಿತ್ತು. ನ್ಯೂಕ್ಯಾಸಲ್‌ನ ಸೋಲ್ಸಿದ್ರೆ 33 ಆಗ್ತಿತ್ತು, ಕೊನೇ ದಿನ ವೆಸ್ಟ್ ಹ್ಯಾಮ್ ಮೇಲೆ ಗೆದ್ರೆ 36, ಎವರ್ಟನ್ ಗೆದ್ರೂ 36, ಗೋಲ್ ಡಿಫರೆನ್ಸಲ್ಲಿ ಲೆಸ್ಟರ್ ಉಳ್ಕೋತಿತ್ತು, ಅಂದ್ರೆ ಯಾರ್ ಕಡೇನೂ ನೋಡೋ ಹಂಗಿರ್ಲಿಲ್ಲ ತಮ್ ಕೈಲೇ ಇತ್ತು. ಡ್ರಾ ಮಾಡಿದ್ದಕ್ಕೆ 31. ಕೊನೇ ದಿನ ಗೆದ್ರೂ 34, ಅಂದ್ರೆ ಎವರ್ಟನ್ ಗೆಲ್ಬಾರ್ದು ಅಂತ ಬೇಡ್ಕೋಬೇಕು. ಸೋತಿದ್ರೆ? 30, ಕೊನೇ ದಿನ ಗೆದ್ರೆ 33, ಎವರ್ಟನ್ ಸೋಲ್ಬೇಕು, ಲೀಡ್ಸೂ ಗೆಲ್ಬಾರ್ದು ಅಂತ ಬೇಡ್ಕೋಬೇಕು. ಡ್ರಾ ಆದ್ರೂ ಸೋತ್ರೂ ಬೇರೆಯವ್ರ ಕಾಲು ಹಿಡಿಯೋದು ತಪ್ಪಲ್ಲ, ಗೆದ್ರೆ ಮಾತ್ರ ತಪ್ಪುತ್ತೆ. ಜೊತೆಗೆ ನ್ಯೂಕ್ಯಾಸಲ್‌ಗೆ ಯುರೋಪಿನ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗಿಗೆ ಹೋಗೋಕೆ ಒಂದೇ ಪಾಯಿಂಟ್ ಸಾಕಿತ್ತು, ಅವ್ರೇನೂ ಪ್ರಾಣ ಬಿಟ್ಟು ಆಡ್ಬೇಕಾದ ಅಗತ್ಯ ಇರ್ಲಿಲ್ಲ. ಅಂಥಾ ರಾತ್ರಿ ಮ್ಯಾಡಿಸನ್‌ನ ಬೆಂಚಲ್ಲಿ ಕೂರ್ಸಿದ್ರು. ಕೊನೇ ದಿನ ಲೆಸ್ಟರ್ ಗೆದ್ರು 2-1. ಎವರ್ಟನೂ ಗೆದ್ರು. ಮುಗೀತು.


ಮಂಡ್ಯ_ರೈಡರ್

ಲೆಕ್ಕ ಸರಿಯಾಗೇ ಹಾಕಿದ್ಯ. ಆದ್ರೆ ಅಟ್ಯಾಕ್ ಮಾಡಕ್ಕೋಗಿ 3-0 ತಿಂದಿದ್ರೆ ಕೊನೇ ದಿನಕ್ಕೆ ಆಸೇನೇ ಸಣ್ಣದಾಗದು, ಎವರ್ಟನ್ನು ಬೋರ್ನ್‌ಮತ್ತು 0-0 ಆಗಿದ್ರೆ ಆ ನ್ಯೂಕ್ಯಾಸಲ್ ಪಾಯಿಂಟೇ ಲೆಸ್ಟರ್ನ ಉಳ್ಸದು, ಆಗ ನೀನೇ ಸ್ಮಿತ್‌ನ ಜಾಣ ಅಂತಿದ್ದೆ. 57ನೇ ನಿಮ್ಸದವರ್ಗೂ ಅದೇ ಸ್ಕೋರ್ ಇತ್ತು ಅಲ್ವಾ?

ಇನ್ನೊಂದು, ಆ ಟೀಮು ಅದಕ್ ಮುಂಚೆ ತಿಂಗ್ಳುಗಟ್ಲೆ ಒಂದ್ ಕ್ಲೀನ್ ಶೀಟ್ ಮಾಡಿರ್ಲಿಲ್ಲ. ಆವತ್ತು ಮಾಡ್ತು. ಅಂದ್ರೆ ಮಾಡಕ್ಕೆ ಬತ್ತಿತ್ತು. ಜನವರಿಯಿಂದ್ಲೇ ಹಂಗೆ ಆಡಿದ್ರೆ ಮೇ 22ಕ್ಕೆ ಆ ಪರಿಸ್ಥಿತಿಗೇ ಬತ್ತಿರ್ಲಿಲ್ಲ ಅನ್ನದು ನನ್ ಮಾತು.


ಒಂಟಿಕೊಪ್ಪಲ್_ಗ್ಲೌಸ್

ಇಬ್ರೂ ಒಂದೇ ಮ್ಯಾಚ್ ಹಿಡ್ಕೊಂಡ್ ಎಳೀತಿದೀರ. ಮೇ 1ರಂದು ಲೆಸ್ಟರ್ ಎವರ್ಟನ್ ಮ್ಯಾಚೇ ನಡೆದಿತ್ತು, ಲೆಸ್ಟರ್ ಮನೇಲಿ. 2-1 ಲೀಡಲ್ಲಿ ಇದ್ದಾಗ ಹಾಫ್ ಟೈಮಿಗೆ ಮುಂಚೆ ಪೆನಲ್ಟಿ ಸಿಕ್ತು, ಮ್ಯಾಡಿಸನ್ ನಡುವಿಗೇ ಹೊಡೆದ್ರು, ಎವರ್ಟನ್ ಕೀಪರ್ ಪಿಕ್‌ಫೋರ್ಡ್ ಆ ಕಡೆ ಈ ಕಡೆ ಹಾರದೆ ನಿಂತಲ್ಲೇ ನಿಂತು ತಡೆದ್ರು. ಮ್ಯಾಚ್ 2-2. ಅದೊಂದು ಗೆದ್ದಿದ್ರೆ ಸೀಸನ್ ಕೊನೇಲಿ ಲೆಸ್ಟರ್ 36, ಎವರ್ಟನ್ 35. ಕೀಪರ್ ಆಗಿ ಹೇಳ್ತೀನಿ, ಪೆನಲ್ಟಿಗೆ ಹಾರದೆ ನಿಲ್ಲೋಕೆ ಎಷ್ಟ್ ಧೈರ್ಯ ಬೇಕು ಅಂತ ನಿಂತೋರಿಗೇ ಗೊತ್ತು, ಗೋಲ್ ಆದ್ರೆ ಪ್ರಯತ್ನಾನೇ ಮಾಡ್ಲಿಲ್ಲ ಅಂತ ಊರೆಲ್ಲ ಬಯ್ಯುತ್ತೆ. ನಮ್ ಹುಡುಗ್ರಿಗೆ ಆ ಕ್ಲಿಪ್ ಈಗ್ಲೂ ತೋರಿಸ್ತೀನಿ.


ಕುಕ್ಕರಹಳ್ಳಿ_ನರಿ, ಮೈಸೂರು

ಎಲ್ರೂ ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನ್ಯೂಕ್ಯಾಸಲ್ ಮ್ಯಾಚ್ ಲೆಕ್ಕ ಓದಿ ಹೊಟ್ಟೆ ಉರೀತು ನಿಜ. ನಾನು ಇನ್ನೂ ಡಿಫೆನ್ಸ್ ಕಡೆನೇ ಇದೀನಿ, ಆದ್ರೆ ಗ್ಲೌಸ್ ಸರ್ ಹೇಳಿದ ಅರ್ಥದಲ್ಲಿ, ಸ್ಮಿತ್ ಆವತ್ತು ಮಾಡಿದ ಅರ್ಥದಲ್ಲಲ್ಲ.

ಟಾಫಿ ಅವ್ರಿಗೆ ಒಂದ್ ವಿಷ್ಯ ಸೇರಿಸ್ತೀನಿ. ಟೈಟಲ್ ಗೆಲ್ಲೋಕೆ ಒಂದ್ ವರ್ಷ ಮುಂಚೆ, 2014-15ರಲ್ಲಿ, ಕ್ರಿಸ್ಮಸ್ಸಿಗೆ ನಾವು ಕಟ್ಟಕಡೆ. ಕೊನೇ 9 ಮ್ಯಾಚಲ್ಲಿ 7 ಗೆದ್ದು ಉಳ್ಕೊಂಡ್ವಿ, ಪಿಯರ್ಸನ್ ಕೋಚು. ನಾನು ಆಮೇಲೆ ಆ ಮ್ಯಾಚೆಲ್ಲ ಹುಡುಕಿ ನೋಡಿದೀನಿ. ಬರ್ನ್ಲಿ ಮನೇಲಿ 0-0 ಇದ್ದಾಗ ಅವ್ರಿಗೆ ಪೆನಲ್ಟಿ ಸಿಕ್ಕಿ ಆಚೆ ಹೋಯ್ತು, ಮರುಕ್ಷಣಾನೇ ವಾರ್ಡಿ ಆ ಕಡೆ ಗೋಲ್ ಹಾಕಿದ್ರು, 1-0. ವೆಸ್ಟ್ ಬ್ರಾಮ್ ಮೇಲೆ 3-2. ಕೊನೇಗೆ ಉಳ್ಕೊಂಡ್ವಿ ಅಂತ ಖಾತ್ರಿ ಆಗಿದ್ದು ಸಂಡರ್‌ಲ್ಯಾಂಡಲ್ಲಿ 0-0 ಮಾಡಿ. ಒಂಬತ್ತು ಮ್ಯಾಚಲ್ಲಿ ಇಲ್ಲಿ ನೀವ್ ಹೇಳಿದ್ದೆಲ್ಲಾನೂ ಇದೆ. ಜಗಳ ಆಡ್ದ ಇಬ್ರನ್ನೂ ಈ ಭಾನುವಾರ ಮನೆಗೆ ಕರೀತಿದೀನಿ, ವೆಸ್ಟ್ ಬ್ರಾಮ್ ಮ್ಯಾಚ್ ಪೂರ್ತಿ ಹಾಕ್ತೀನಿ. ಮೈಸೂರಲ್ಲಿರೋರು ಯಾರಾದ್ರೂ ಬರೋದಾದ್ರೆ ಮೆಸೇಜ್ ಮಾಡಿ, ರೈಡರ್ ಅಣ್ಣ ನೀವು ಮಂಡ್ಯದಿಂದ ಬೆಳಿಗ್ಗೆ ಟ್ರೈನಿಗೇ ಬಂದ್ಬಿಡಿ.